ನೀರಿಲ್ಲದೆ ಕರೆಯಬಾರದು

"ಈ ಪದ ಒಂದ್ಸಲ ಹೇಳಿ."

ಯಶೋಧಾ ಮೇಜಿನ ಮೇಲೆ ಚೀಟಿ ಸರಿಸಿದಳು. ಅದರಲ್ಲಿ ದಪ್ಪ ಅಕ್ಷರದಲ್ಲಿ 'ದುರ್ಗ' ಎಂದು ಬರೆದಿತ್ತು.

ಎದುರು ಕುಳಿತಿದ್ದವನು ಚೀಟಿ ನೋಡಿದ. ಅವನ ದವಡೆಯ ಉದ್ದಕ್ಕೂ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಅವನು ಚೀಟಿಯನ್ನು ಬೋರಲು ಹಾಕಿದ.

"ಯಾಕೆ, ಕಷ್ಟನಾ? ತಪ್ಪಾದ್ರೂ ಪರವಾಗಿಲ್ಲ, ಪ್ರಯತ್ನ ಮಾಡಿ."

ಅವನು ತಲೆ ಅಲ್ಲಾಡಿಸಿದ.

"ಓಬಳೇಶ್ ಅವರೇ, ಇಲ್ಲಿಗೆ ಬಂದಿರೋದೇ ಮಾತಾಡೋದು ಕಲಿಯೋಕೆ ಅಲ್ವಾ?"

ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಸ್ಲೇಟನ್ನು ಎಳೆದುಕೊಂಡು, ಬಳಪ ಮುರಿಯುವಷ್ಟು ಒತ್ತಿ ಬರೆದ.

'ಆ ಊರಿನ ಹೆಸರು ಬಿಟ್ಟು ಬೇರೆ ಏನಾದ್ರೂ ಕೇಳ್ರಿ.'

ಬಾಗಿಲು ಬಡಿದ ಸದ್ದಿಗೆ ಹೊರಗೆ ಸಾಲಿನಲ್ಲಿ ಕುಳಿತಿದ್ದವರೆಲ್ಲ ತಿರುಗಿ ನೋಡಿದರು.

ಎಂಥ ಮನುಷ್ಯ ಇವನು! ಯಶೋಧಾಳಿಗೆ ಸಿಟ್ಟು ಬಂತು. ಮೂರು ವರ್ಷದಿಂದ ಅವಳಿಗೆ ಯಾರ ಮೇಲೂ ಸಿಟ್ಟು ಬಂದಿರಲಿಲ್ಲ. ಬಂತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಯಶೋಧಾ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಮಾತು ಕಳೆದುಕೊಂಡವರಿಗೆ ಮಾತು ಕಲಿಸುವವಳು. ಹುಟ್ಟಿದ್ದು ಹೊಳಲ್ಕೆರೆ, ಓದಿದ್ದು ಮೈಸೂರು. ವಯಸ್ಸು ಮೂವತ್ತೊಂದು. ಹಿರಿಯೂರಿನಲ್ಲಿ ಅತ್ತೆ ಮಹಾದೇವಮ್ಮನ ಜೊತೆ ಇದ್ದಳು. ಗಂಡ ಗುರುರಾಜ್ ತೀರಿಕೊಂಡು ಮೂರು ವರ್ಷವಾಗಿತ್ತು. ದಿನಾ ಬಸ್ಸಿನಲ್ಲಿ ದುರ್ಗಕ್ಕೆ ಬರುವಾಗ ಐಮಂಗಲ ಹತ್ತಿರವಾದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಊರು ದಾಟಿದ ಮೇಲೆ ತೆರೆಯುತ್ತಿದ್ದಳು.

ಓಬಳೇಶನ ಫೈಲಿನಲ್ಲಿ ಇದ್ದದ್ದು ಇಷ್ಟು: ವಯಸ್ಸು ಮೂವತ್ತಾರು. ಮದುವೆಯಾಗಿಲ್ಲ. ಹಿರಿಯೂರಿನ ಖಾಸಗಿ ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವ ಏಜೆಂಟ್ ಆಗಿದ್ದ. ಕ್ಯಾನ್ಸರ್. ನಾಲಿಗೆಯ ಎಡ ಅರ್ಧ ತೆಗೆಯಲಾಗಿದೆ.

ಮುಂದಿನ ಮಂಗಳವಾರ ಅವನ ಅಕ್ಕ ಮಲ್ಲಕ್ಕ ಧರ್ಮಪುರದಿಂದ ಅವನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

"ಮೇಡಮ್ಮಾರೆ, ಇವ್ನು ಬಾಗ್ಲು ಬಡ್ದು ಬಂದ್ನಂತೆ. ಚೆನ್ನಾಗಿ ಬೈರಿ. ನಾ ಬೈದ್ರೆ ಇವ್ನಿಗೆ ಉಪ್ಪಿಟ್ಟು ತಿಂದಂಗೆ."

"ಕೂತ್ಕೊಳ್ಳಿ," ಎಂದಳು ಯಶೋಧಾ. ಬೈಯಲಿಲ್ಲ. "ಇವರಿಗೆ 'ರ' ಬರ್ತಿಲ್ಲ. ನಾಲಿಗೆಯ ತುದಿ ಮೇಲೆ ಹೋಗಿ, ಹಲ್ಲಿನ ಹಿಂದೆ ತಾಗಿ ನಡುಗಿದ್ರೆ 'ರ'. ಇವರ ನಾಲಿಗೆ ಮೇಲೆ ಏಳಲ್ಲ. ಅದಕ್ಕೆ ಬದಲಾಗಿ ತುಟಿ ನಡುಗಿಸೋದು ಕಲೀಬೇಕು. ಎರಡೂ ತುಟಿ ಮೆತ್ತಗೆ ಮುಚ್ಚಿ, ಒಳಗಿಂದ ಉಸಿರು ತಳ್ಳಬೇಕು. ತುಟಿ ತಾನಾಗೇ ನಡುಗಬೇಕು. ತುಂಬಾ ಅಪರೂಪದ ವ್ಯಂಜನ ಇದು. ಜಗತ್ತಿನಲ್ಲಿ ಎಲ್ಲೋ ಕೆಲವೇ ಭಾಷೆಗಳಲ್ಲಿದೆ..."

ಮಲ್ಲಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಅಪರೂಪನಾ? ನಮ್ಮ ದನದ ರೊಪ್ಪದಾಗೆ ಎಲ್ರಿಗೂ ಬರುತ್ತೆ ಅದು! ದನಕ್ಕೆ ನೀರು ಕುಡ್ಸಾಕೆ ಕರೆಯಾ ಸದ್ದು. ನಮ್ಮಪ್ಪ ದನ ಕಾಯ್ತಿದ್ದ. ಇವ್ನು ಮಾತು ಬರಾಕೆ ಮುಂಚೆ ಕಲ್ತಿದ್ದೇ ಇದು."

"ಹೌದಾ! ಹಾಗಾದ್ರೆ ಮಾಡಿ ತೋರಿಸಿ."

"ಇಲ್ಲಿ ಆಗಲ್ಲ," ಎಂದ ಓಬಳೇಶ್.

ಅವನ ಮಾತು ಬೇರೆಯವರಿಗೆ ಕಲಸಿದ ಹಿಟ್ಟಿನ ಹಾಗೆ ಕೇಳುತ್ತಿತ್ತು. ಯಶೋಧಾಳಿಗೆ ಅರ್ಥವಾಗುತ್ತಿತ್ತು. ಅವಳಿಗೆ ಅರ್ಥವಾದಂತೆಯೇ ಇಲ್ಲಿ ಬರೆದಿದೆ.

"ಎಲ್ಲದಕ್ಕೂ ಆಗಲ್ಲ ಅಂದ್ರೆ ನಾನೇನು ಮಾಡ್ಲಿ?"

ಮಲ್ಲಕ್ಕ ದನಿ ತಗ್ಗಿಸಿದಳು. "ಬೇಜಾರಾಗ್ಬೇಡ್ರಿ. ಅದು ನೀರು ಇದ್ದಲ್ಲಿ ಮಾತ್ರ ಮಾಡಾ ಸದ್ದು. ಕೇಳಿದ್ರೆ ದನ ಎಲ್ಲಿದ್ರೂ ನಂಬ್ಕಂಡು ಓಡಿ ಬರ್ತವೆ. ತೊಟ್ಟಿ ಖಾಲಿ ಇಟ್ಕಂಡು ಕರೀಬಾರ್ದು. ಹಂಗೆ ಕರೆದ್ರೆ ಆ ಬಾಯಿಗೆ ಒಳ್ಳೇದಾಗಲ್ಲ ಅಂತಾರೆ ನಮ್ಮೋರು. ಒಂದ್ಸಲ ಇವ್ನು ಆಟಕ್ಕೆ ಕರೆದಿದ್ದಕ್ಕೆ ನಮ್ಮಪ್ಪ ಬಾರುಕೋಲು ತಗಂಡು ಊರೆಲ್ಲಾ ಓಡಿಸ್ಕಂಡು ಹೊಡ್ದಿದ್ದ."

ಓಬಳೇಶ್ ನೆಲ ನೋಡುತ್ತಿದ್ದ.

ಯಶೋಧಾ ಎದ್ದು ಹೊರಗೆ ಹೋದಳು. ಕಾರಿಡಾರಿನ ನಲ್ಲಿಯಲ್ಲಿ ಸ್ಟೀಲ್ ಲೋಟ ತುಂಬಿಸಿ ತಂದು ಅವನ ಮುಂದೆ ಇಟ್ಟಳು.

"ಈಗ ನೀರಿದೆ."

ಅವನು ಲೋಟ ನೋಡಿದ. ಅವಳನ್ನು ನೋಡಿದ. ತುಂಬಾ ಹೊತ್ತು ನೋಡಿದ...

ಆಮೇಲೆ ಕಣ್ಣು ಮುಚ್ಚಿ ತುಟಿ ಸಡಿಲ ಬಿಟ್ಟ. ಆ ಸದ್ದು ಬಂತು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ತಗ್ಗಿನ, ಬೆಚ್ಚನೆಯ, ಎದೆಯಿಂದ ಹೊರಟು ತುಟಿಯಲ್ಲಿ ಒಡೆಯುವ ಸದ್ದು.

"ಇನ್ನೂ ಐತೆ ಕಣೋ ಲೇ ನಿಂಗೆ!" ಮಲ್ಲಕ್ಕ ಅಳುತ್ತಿದ್ದಳು.

ಓಬಳೇಶ್ ಲೋಟವನ್ನು ಯಶೋಧಾಳ ಕಡೆ ತಳ್ಳಿದ. "ಕರೆದ ಮೇಲೆ ಯಾರಾದ್ರೂ ಕುಡೀಬೇಕು."

ಅವಳು ಕುಡಿದಳು.

ವಾರಕ್ಕೆ ಎರಡು ದಿನ ಅವನು ಬಂದ. ಪ್ರತಿ ಸಲವೂ ಲೋಟದಲ್ಲಿ ನೀರಿರುತ್ತಿತ್ತು. ಮರ, ಊರು, ಬೇರು... ನಾಲಿಗೆಯಲ್ಲಿ ಬಾರದ 'ರ' ನಿಧಾನವಾಗಿ ತುಟಿಯಲ್ಲಿ ಬಂತು. ವಿಚಿತ್ರವಾಗಿ ಕೇಳುತ್ತಿತ್ತು, ಆದರೆ ಪದ ತಿಳಿಯುತ್ತಿತ್ತು. 'ದುರ್ಗ' ಎಂಬ ಚೀಟಿಯನ್ನು ಅವಳು ಮತ್ತೆ ತೆಗೆಯಲಿಲ್ಲ.

"ನೀವೂ ಮಾಡ್ರಿ ಮೇಡಂ," ಎಂದ ಒಂದು ದಿನ.

ಅವಳು ಮಾಡಿದಳು. ಬರೀ ಗಾಳಿ ಬಂತು.

"ಓದುವಾಗ ಬರ್ತಿತ್ತು ನಂಗೆ. ಇಡೀ ಕ್ಲಾಸಿನಲ್ಲಿ ನನ್ನದೇ ಚೆನ್ನಾಗಿತ್ತು," ಎಂದಳು. ಮದುವೆಯಾದ ಹೊಸದರಲ್ಲಿ ಗುರುರಾಜ್ ಅದನ್ನು ಮತ್ತೆ ಮತ್ತೆ ಮಾಡಿಸಿ ನಗುತ್ತಿದ್ದದ್ದು ನೆನಪಾಯಿತು.

"ತುಟಿ ಬಿಗಿ ಹಿಡ್ದಿದೀರಿ. ಬಿಗಿ ಹಿಡಿದ್ರೆ ಬರಲ್ಲ. ಸಡಿಲ ಬಿಡ್ರಿ."

"ಬಿಟ್ಟಿದ್ದೀನಿ."

"ಎಲ್ಲಿ ಬಿಟ್ಟಿದೀರಿ? ಎಷ್ಟು ವರ್ಷ ಆತು ಹಿಂಗೆ ಹಿಡ್ಕಂಡು?"

ಯಶೋಧಾ ಮುಂದಿನ ಚೀಟಿ ಎತ್ತಿಕೊಂಡಳು. ಇವನಿಗೆ ಹೇಗೆ ಗೊತ್ತಾಯಿತು...?

ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಪ್ರಯತ್ನ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಮಹಾದೇವಮ್ಮ ಹಿಂದೆ ಬಂದು ನಿಂತಿದ್ದಳು.

"ಏನವ್ವ ಅದು? ಎಮ್ಮೆ ಸಾಕಬೇಕು ಅಂತಿದ್ದೀಯ?"

ಯಶೋಧಾ ನಕ್ಕುಬಿಟ್ಟಳು. ಮಹಾದೇವಮ್ಮ ಅವಳ ಮುಖವನ್ನೇ ನೋಡಿ ಒಳಗೆ ಹೋದಳು. ಸೊಸೆ ನಕ್ಕಿದ್ದನ್ನು ಅವಳು ನೋಡಿ ಮೂರು ವರ್ಷವಾಗಿತ್ತು.

ಕೊನೆಗೆ ಯಶೋಧಾಳೇ ಹೇಳಿದಳು. ಅವಳ ಹಣೆಯಲ್ಲಿ ಕುಂಕುಮವಿತ್ತು, ಕೊರಳಲ್ಲಿ ಸರವಿತ್ತು. 'ಬರಿ ಹಣೇಲಿ ನನ್ನ ಕಣ್ಣೆದುರು ಓಡಾಡಬೇಡ' ಎಂದಿದ್ದಳು ಅತ್ತೆ. ಹಾಗಾಗಿ ಓಬಳೇಶನಿಗೆ ತಿಳಿದಿರಲಿಲ್ಲ. ತಿಳಿಸಬೇಕು ಎಂದು ಅವಳಿಗೆ ಯಾಕೆ ಅನಿಸಿತೋ!

"ನನ್ನ ಯಜಮಾನ್ರು ಇಲ್ಲ. ಮೂರು ವರ್ಷ ಆಯ್ತು. ಐಮಂಗಲದ ಹತ್ರ. ಬಸ್ಸಿನ ಬಾಗಿಲಲ್ಲಿ ನಿಂತಿದ್ರಂತೆ, ಡ್ರೈವರ್ ಬ್ರೇಕ್ ಹಾಕಿದಾಗ... ಅಷ್ಟು ಜನ ಇದ್ದ ಬಸ್ಸಲ್ಲಿ ಅವರೊಬ್ಬರೇ."

ಓಬಳೇಶ್ ಲೋಟ ಹಿಡಿದಿದ್ದ ಕೈ ಹಿಂದಕ್ಕೆ ತೆಗೆದ.

"ಯಾವತ್ತು?"

"ಶ್ರಾವಣದ ಎರಡನೇ ಸೋಮವಾರ. ಹತ್ತು ಗಂಟೆ ಬಸ್ಸು."

ಅವನು ಎದ್ದ. ಈ ಸಲ ಕುರ್ಚಿ ಬೀಳಲಿಲ್ಲ. ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿಕೊಂಡು ಹೋದ. ಲೋಟದಲ್ಲಿ ನೀರು ಹಾಗೇ ಇತ್ತು.

ಮಂಗಳವಾರ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಮೂರು ವಾರ ಕಳೆಯಿತು.

ಗಂಡ ಸತ್ತವಳು ಎಂದು ಗೊತ್ತಾಯಿತಲ್ಲ, ಅದಕ್ಕೇ! ಎಲ್ಲರ ಹಾಗೇ ಇವನೂ... ಹೋಗಲಿ, ನನಗೇನು? ರೋಗಿ ಬರಲಿಲ್ಲ, ಅಷ್ಟೇ ತಾನೇ?

ಆದರೂ ಒಂದು ಭಾನುವಾರ ಅವಳು ಧರ್ಮಪುರದ ಬಸ್ಸಿನಲ್ಲಿ ಕುಳಿತಿದ್ದಳು.

ರೊಪ್ಪ ಊರ ಹೊರಗಿತ್ತು. ಸುತ್ತ ಮುಳ್ಳಿನ ಬೇಲಿ, ಆಚೆ ಕಡಲೆಕಾಯಿ ಹೊಲ. ಓಬಳೇಶ್ ಉದ್ದನೆಯ ಕಲ್ಲು ತೊಟ್ಟಿಗೆ ಪೈಪಿನಿಂದ ನೀರು ಬಿಡುತ್ತಿದ್ದ. ಅವಳನ್ನು ಕಂಡು ಪೈಪು ಕೆಳಗೆ ಬಿಟ್ಟ.

"ಗಂಡ ಇಲ್ಲದವಳ ಹತ್ರ ಮಾತು ಕಲಿಯೋದು ಬೇಡ ಅನ್ನಿಸ್ತಾ?"

"ಅಯ್ಯೋ, ಅಲ್ಲ!"

"ಮತ್ತೆ?"

ಅವನು ತೊಟ್ಟಿಯ ಅಂಚಿನ ಮೇಲೆ ಕುಳಿತ. ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಅವತ್ತು ನಿಮ್ಮ ಯಜಮಾನ್ರು ಕನ್ನಡಕ ಹಾಕಿದ್ರು. ಕೈಯಾಗೆ ನೀಲಿ ಛತ್ರಿ ಇತ್ತು. ಬಸ್ ಹತ್ತಿ ನೋಡಿದ್ರು. ಸೀಟಿಲ್ಲ, ಮುಂದಿನ ಬಸ್ಸಿಗೆ ಬರ್ತೀನಿ ಅಂತ ಇಳಿದ್ರು. ನಾನು ಕೈ ಹಿಡ್ದು ವಾಪಸ್ ಕರೆದೆ. 'ದುರ್ಗ ದುರ್ಗ ದುರ್ಗ... ಮುಂದೆ ಸೀಟ್ ಐತೆ, ಬರ್ರಿ ಸಾರ್' ಅಂದೆ."

ಅವನು ಬಗ್ಗಿ ಪೈಪು ಎತ್ತಿ ಮತ್ತೆ ತೊಟ್ಟಿಗೆ ಹಾಕಿದ.

"ಸೀಟು ಇರ್ಲಿಲ್ಲ, ಮೇಡಂ. ಎಲ್ಲಾ ಏಜೆಂಟ್ರೂ ಹಂಗೇ ಅಂತಾರೆ. ದಿನಕ್ಕೆ ನೂರು ಸಲ ಅಂತಿದ್ದೆ. ತೊಟ್ಟಿ ಖಾಲಿ ಇಟ್ಕಂಡು ಕರೆದೆ ನಾನು. ನಮ್ಮಪ್ಪ ಅಷ್ಟು ಹೊಡ್ದಿದ್ರೂ ಬುದ್ಧಿ ಬರ್ಲಿಲ್ಲ. ವರ್ಷ ತುಂಬಾಕಿಲ್ಲ, ನಾಲಿಗೆ ಮ್ಯಾಲೆ ಹುಣ್ಣಾತು. ಸರಿಯಾಗೇ ಆತು ಅಂದ್ಕಂಡೆ."

ನೀಲಿ ಛತ್ರಿ ಇನ್ನೂ ಅವಳ ಮನೆಯ ಬಾಗಿಲ ಹಿಂದೆ ತೂಗುತ್ತಿತ್ತು. ಅದರ ಒಂದು ಕಡ್ಡಿಯೂ ಮುರಿದಿರಲಿಲ್ಲ.

ಯಶೋಧಾ ತಿರುಗಿ ರಸ್ತೆಯ ಕಡೆ ನಡೆದಳು. ಅವನು ಹಿಂದಿನಿಂದ ಕರೆಯಲಿಲ್ಲ.

ಮರುದಿನ ದುರ್ಗದ ಬಸ್ಸಿನಲ್ಲಿ, ಐಮಂಗಲದಲ್ಲಿ ಮೊದಲ ಸಲ ಕಣ್ಣು ತೆರೆದೇ ಕುಳಿತಳು. ಅಗಲವಾದ ರಸ್ತೆ, ಒಂದು ಡಾಬಾ, ಮಲಗಿದ ನಾಯಿ. ಅಲ್ಲಿ ಬೇರೇನೂ ಇರಲಿಲ್ಲ.

ಎರಡು ವಾರದ ನಂತರ ಮಲ್ಲಕ್ಕ ಮನೆ ಹುಡುಕಿಕೊಂಡು ಬಂದಳು. ಹೊಸ್ತಿಲಲ್ಲೇ ಕುಕ್ಕರಿಸಿದಳು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಮತ್ತೆ ಬಂದೈತಂತೆ ಮೇಡಮ್ಮಾರೆ. ಉಳಿದ ನಾಲಿಗೇನೂ ತೆಗೀಬೇಕಂತೆ. ಬಿಟ್ರೆ ಬೇಸಿಗೆ ದಾಟಲ್ಲ ಅಂದ್ರು ಡಾಕ್ಟ್ರು."

"ತೆಗೆದ್ರೆ?"

"ತೆಗೆದ್ರೂ ಏನೂ ಹೇಳಾಕಾಗಲ್ಲ ಅಂದ್ರು. ಇವ್ನು ಬರಲ್ಲ ಅಂತ ಕುಂತವ್ನೆ. ನಾ ಕರೆದೆ, ಊರೋರು ಕರೆದ್ರು. ನೀವು ಕರೆದ್ರೆ ಬರ್ತಾನೆ... ಅವ್ನು ನಿಮ್ಗೆ ಮಾಡಿದ್ದು ನಂಗೆ ಗೊತ್ತೈತೆ. ಯಾವ ಮುಖ ಇಟ್ಕಂಡು ಕೇಳ್ತಿದ್ದೀನಿ ಅನ್ಬೇಡ್ರಿ. ಇರೋನು ಒಬ್ನೇ ತಮ್ಮ."

ಮಹಾದೇವಮ್ಮ ಒಳಗಿನಿಂದ ಕೇಳಿಸಿಕೊಂಡಳು. "ಏನು ಮಾಡಿದ್ದ?"

ಯಶೋಧಾ ಹೇಳಿದಳು. ನಾಲ್ಕು ಮಾತಿನಲ್ಲಿ.

ಮಹಾದೇವಮ್ಮ ಗೋಡೆ ಹಿಡಿದು ಕೆಳಗೆ ಕುಳಿತಳು. ಮಲ್ಲಕ್ಕ ಎದ್ದು ಹೋದ ಮೇಲೂ ಕುಳಿತೇ ಇದ್ದಳು. ಆಮೇಲೆ ಹೇಳಿದಳು:

"ನಾನು ಅವನ ಮುಖ ನೋಡಲ್ಲ. ಸಾಯೋವರೆಗೂ ನೋಡಲ್ಲ. ನೀನು ಹೋಗೋದಾದ್ರೆ ಹೋಗು. ನಂಗೆ ಹೇಳಬೇಡ."

ಧರ್ಮಪುರದ ಬಸ್ಸಿನಲ್ಲಿ ಯಶೋಧಾ ಒಂದೇ ಯೋಚನೆ ಮಾಡಿದಳು. ಏನಂತ ಕರೆಯಲಿ? ವಾಸಿಯಾಗುತ್ತೆ ಬಾ ಎನ್ನಲೇ? ಅದು ಖಾಲಿ ತೊಟ್ಟಿ. ಕ್ಷಮಿಸಿದ್ದೇನೆ ಎನ್ನಲೇ? ಅದೂ ನಿಜವಲ್ಲ. ಹಾಗಾದರೆ ನನ್ನ ಹತ್ತಿರ ಇರುವುದೇನು?

ಸಂಜೆ ಐದರ ಬಿಸಿಲು. ಓಬಳೇಶ್ ತೊಟ್ಟಿಯ ಹತ್ತಿರವೇ ಕುಳಿತಿದ್ದ. ಸೊರಗಿದ್ದ.

"ನಿಮಗೊಂದು ಹೇಳ್ತೀನಿ," ಎಂದಳು, ನಿಂತೇ. "ಇದನ್ನ ಯಾರಿಗೂ ಹೇಳಿಲ್ಲ. ಅವತ್ತು ನಾನು ದುರ್ಗದಲ್ಲಿದ್ದೆ. ಒಂದು ಬಾಡಿಗೆ ಮನೆ ನೋಡೋದಿತ್ತು. ಮನೆ ಓನರ್ ಮಧ್ಯಾಹ್ನ ಎರಡರ ತನಕ ಇರ್ತೀನಿ ಅಂದಿದ್ರು. ನಾನು ನಮ್ಮ ಯಜಮಾನ್ರಿಗೆ ಫೋನ್ ಮಾಡಿ, ಓನರ್ ಹನ್ನೊಂದಕ್ಕೆ ಹೊರಟುಬಿಡ್ತಾರೆ, ಬೇಗ ಬನ್ನಿ ಅಂದೆ. ಅವರು ಯಾವಾಗಲೂ ನಿಧಾನ, ಅದಕ್ಕೆ. ಸುಮ್ನೆ ಒಂದು ಸುಳ್ಳು..."

ಓಬಳೇಶ್ ತಲೆ ಎತ್ತಿದ.

"ನೀವು ಕರೆದಿದ್ದಕ್ಕೆ ಮಾತ್ರ ಹತ್ತಲಿಲ್ಲ ಅವರು. ನಾನೂ ಕರೆದಿದ್ದೆ."

ಬೇಲಿಯ ಆಚೆ ದನಗಳು ಒಣಹುಲ್ಲು ಹುಡುಕುತ್ತಿದ್ದವು.

"ಆಪರೇಷನ್ ಮಾಡಿಸ್ಕೊಳ್ಳಿ."

"ಬದುಕ್ತೀನಾ?"

"ಗೊತ್ತಿಲ್ಲ. ಬದುಕದೇ ಇರಬಹುದು."

"ಮತ್ತೆ ಯಾತಕ್ಕೆ ಕರೀತೀರಿ?"

"ನಾನಿರ್ತೀನಿ. ಎಷ್ಟು ದಿನ ಇದೆಯೋ ಅಷ್ಟು ದಿನ. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ ನನ್ನ ಹತ್ರ."

"ಸಿಟ್ಟಿಲ್ವಾ ನನ್ನ ಮ್ಯಾಲೆ?"

"ಇದೆ. ಅದೂ ಇದೆ."

ಅವನು ಕುಳಿತಲ್ಲೇ ಕುಳಿತಿದ್ದ. ಯಶೋಧಾ ತೊಟ್ಟಿಯ ಆ ಕಡೆಗೆ ನಡೆದುಹೋಗಿ ಬಗ್ಗಿ ನೋಡಿದಳು. ಅಂಚಿನವರೆಗೂ ನೀರಿತ್ತು. ತುಟಿ ಮುಚ್ಚಿ ಉಸಿರು ತಳ್ಳಿದಳು. ಗಾಳಿ ಬಂತು. ಇನ್ನೊಮ್ಮೆ ತಳ್ಳಿದಳು. ಮತ್ತೆ ಗಾಳಿ...

ಮೂರನೆಯ ಸಲ ಮೂರು ವರ್ಷ ಬಾರದ ಅಳು ಬಂತು. ಕೆನ್ನೆ ಸಡಿಲವಾಯಿತು, ಗಲ್ಲ ಸಡಿಲವಾಯಿತು, ತುಟಿ ಅವಳ ಕೈತಪ್ಪಿ ನಡುಗಿತು. ಆ ಸದ್ದು ಬಂತು! ಒಡೆದು, ಒದ್ದೆಯಾಗಿ, ಅರ್ಧ ಅಳು ಅರ್ಧ ಕರೆಯಾಗಿ ಬಂತು.

ಬೇಲಿಯ ಆಚೆ ದನಗಳು ಒಟ್ಟಿಗೇ ತಲೆ ಎತ್ತಿದವು. ಆಮೇಲೆ ಓಡಿ ಬಂದವು. ಧೂಳೆಬ್ಬಿಸುತ್ತ, ಒಂದನ್ನೊಂದು ತಳ್ಳುತ್ತ ಬಂದು ಅವಳ ಎರಡೂ ಪಕ್ಕದಲ್ಲಿ ತೊಟ್ಟಿಗೆ ಮೂತಿ ಇಟ್ಟವು.

ಅವುಗಳ ಬೆನ್ನು ಸವರಿ ದಾರಿ ಮಾಡಿಕೊಂಡು ಓಬಳೇಶ್ ಕೂಡ ಬಂದ.

"ತೊಟ್ಟಿ ನೋಡಿ ಕರೆದ್ರಾ?"

"ನೋಡೇ ಕರೆದೆ," ಎಂದಳು ಅಳುತ್ತಲೇ.

ಅವನು ಅವಳ ಒದ್ದೆ ಕೈ ಹಿಡಿದುಕೊಂಡ. "ಆಪರೇಷನ್ನಿಗೆ ಮುಂಚೆ ಇನ್ನೊಂದೆಂಟು ದಿನ ಮಾತು ಐತೆ ನಂಗೆ. ಇರೋ ಮಾತೆಲ್ಲಾ ನಿಮ್ಮ ಹತ್ರಾನೇ ಆಡ್ತೀನಿ."

"ಮೇಡಂ ಅನ್ನೋದಕ್ಕೆ ಖರ್ಚು ಮಾಡಬೇಡಿ ಹಾಗಾದ್ರೆ."

"ಯಶೋಧಾ," ಎಂದ ಅವನು.

ಆ ಎಂಟು ದಿನ ಅವನು ಆಡಿದ ಮಾತು ಅವಳೊಬ್ಬಳಿಗೇ ಗೊತ್ತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಫಾರಂ ತುಂಬುತ್ತ ಕೇಳಿದಳು. "ನೀವು ಪೇಷೆಂಟಿಗೆ ಏನಾಗಬೇಕು?"

ಯಶೋಧಾ ತಡವರಿಸಿದಳು. ಮಲ್ಲಕ್ಕ ತಡವರಿಸಲಿಲ್ಲ. "ಅವ್ನ ಮನೆಯವ್ರು ಕಣ್ರಿ. ಬರ್ಕಳ್ರಿ!"

ನಾಲಿಗೆ ಪೂರ್ತಿ ಹೋಯಿತು. ಊಟಕ್ಕೆ ಹೊಟ್ಟೆಗೆ ಒಂದು ಕೊಳವೆ, ಉಸಿರಾಡಲು ಕುತ್ತಿಗೆಯಲ್ಲಿ ಒಂದು ಕೊಳವೆ. ಐದು ವಾರ ಅವನ ಬಾಯಿಯಲ್ಲಿ ಉಸಿರೂ ಹಾಯಲಿಲ್ಲ. ಶ್ವಾಸಕೋಶದಲ್ಲೂ ಒಂದು ಚುಕ್ಕೆ ಕಂಡಿದೆ ಎಂದು ಡಾಕ್ಟರು ಯಶೋಧಾಳನ್ನು ಪಕ್ಕಕ್ಕೆ ಕರೆದು ಹೇಳಿದರು. ಅವಳು ಅದನ್ನು ಅವನಿಗೆ ಅಂದೇ ಹೇಳಿದಳು. ಮುಚ್ಚಿಡಲಿಲ್ಲ. ಅವನು ತಲೆಯಾಡಿಸಿ ಅವಳ ಅಂಗೈ ತಟ್ಟಿದ.

ಕುತ್ತಿಗೆಯ ಕೊಳವೆ ತೆಗೆದು ಮುಚ್ಚಿದ ಮರುದಿನ ಬೆಳಿಗ್ಗೆ ಯಶೋಧಾ ಕಿಟಕಿಯ ಹತ್ತಿರ ಟವೆಲ್ ಒಣಹಾಕುತ್ತಿದ್ದಳು. ಮಂಚದ ಪಕ್ಕದ ಮೇಜಿನ ಮೇಲೆ ಅವಳದೇ ಸ್ಟೀಲ್ ಲೋಟ. ಅದರ ತುಂಬ ನೀರು.

ಹಿಂದಿನಿಂದ ಆ ಸದ್ದು ಬಂತು.

ದುರ್ಬಲವಾಗಿತ್ತು. ಆದರೆ ಅದೇ.

ಅವಳು ಟವೆಲ್ ಬಿಟ್ಟು ಓಡಿ ಬಂದಳು. ಓಬಳೇಶ್ ದಿಂಬಿಗೆ ಒರಗಿ ನಗುತ್ತಿದ್ದ. ಗಲ್ಲದ ಮೇಲೆ ಜೊಲ್ಲು ಇಳಿದಿತ್ತು. ಅವಳು ಸೆರಗಿನಿಂದ ಒರೆಸಿದಳು. ಅವನು ಲೋಟ ತೋರಿಸಿದ.

"ನೀವು ಕುಡಿಯೋ ಹಾಗಿಲ್ಲವಲ್ಲ..."

ಅವನು ಅವಳ ಕಡೆ ಬೆರಳು ಮಾಡಿದ. ಕರೆದ ಮೇಲೆ ಯಾರಾದರೂ ಕುಡಿಯಬೇಕು.

ಅವನು ನೋಡುತ್ತಿದ್ದಂತೆ ಅವಳು ಅಷ್ಟೂ ಕುಡಿದಳು.

"ಇನ್ನೊಂದ್ಸಲ ಕರೀರಿ," ಎಂದಳು.

ಅವನು ಲೋಟದ ಒಳಗೆ ಬಗ್ಗಿ ನೋಡಿ, ಇಲ್ಲ ಎಂದು ತಲೆ ಅಲ್ಲಾಡಿಸಿದ.

ಯಶೋಧಾ ಎದ್ದು ಹೋಗಿ ಲೋಟ ತುಂಬಿಸಿ ತಂದಳು. ಅವನ ಮುಂದೆ ಇಟ್ಟಳು.

ಅವನು ಕರೆದ.